ಬೆಕ್ಕಿನ ಲೆಕ್ಕ ಮತ್ತು ಗೋಣಿಚೀಲ

ನಮ್ಮ ಅಕ್ಕನ ಮಗ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಸೂಪರ್‌ವೈಸರ್ ಕೆಲಸದಲ್ಲಿದ್ದಾನೆ. ಮದುವೆಯಾಗಿ ಎರಡು ವರ್ಷ. ಕಳೆದ ಮಳೆಗಾಲದ ಒಂದು ಭಾನುವಾರ ಅವನ ಬಾಡಿಗೆ ಮನೆಗೆ ಊಟಕ್ಕೆ ಹೋಗಿದ್ದೆವು. ಊಟದ ನಡುವೆ ಮೊಬೈಲ್ ತೆರೆದು ಒಂದು ಚಿತ್ರ ತೋರಿಸಿದ. ಹತ್ತಿಯ ಉಂಡೆಯಂತಹ ಬಿಳಿ ಪರ್ಷಿಯನ್ ಬೆಕ್ಕಿನ ಮರಿ. ಬೆಂಗಳೂರಿನಲ್ಲಿ ಯಾರೋ ಮಾರುತ್ತಿದ್ದಾರಂತೆ. "ಮಾಮೂ, ಇವಳು ಒಂದೇ ಸಮನೆ ಹಟ ಹಿಡಿದಿದ್ದಾಳೆ. ಬೆಕ್ಕು ಸಾಕಿದರೆ ಲಾಭವೇನು, ನಷ್ಟವೇನು? ನೀವೇ ಹೇಳಿಬಿಡಿ" ಎಂದ.

ಆಗ ಉತ್ತರ ಹೊಳೆಯಲಿಲ್ಲ. ಉಂಡು ಹೊರಟೆವು. ಕಾರ್ಖಾನೆಗಳ ನಡುವಿನ ಅಗಲವಾದ ರಸ್ತೆ, ಭಾನುವಾರವಾದ್ದರಿಂದ ಲಾರಿಗಳ ಓಡಾಟವೂ ಕಡಿಮೆ. ಇನ್ನೂ ಕಟ್ಟಡ ಏಳದ ನಿವೇಶನವೊಂದರ ಪಕ್ಕ, ಲಂಟಾನ ಪೊದೆಯ ಬುಡದಲ್ಲಿ ಒಂದು ಗೋಣಿಚೀಲ ಅಲುಗಾಡುತ್ತಿತ್ತು. ಬಾಯಿಯನ್ನು ಹುರಿಯಿಂದ ಬಿಗಿದಿದ್ದರು. ಬಿಚ್ಚಿದರೆ ಒಳಗೆ ನಾಲ್ಕು ಬೆಕ್ಕಿನ ಮರಿಗಳು. ಮೂರು ಸತ್ತಿದ್ದವು. ನಾಲ್ಕನೆಯದು ಅವುಗಳ ಮೇಲೆ ಕಾಲಿಟ್ಟುಕೊಂಡು ಸದ್ದಿಲ್ಲದೆ ಬಾಯಿ ತೆರೆಯುತ್ತಿತ್ತು. ಎದುರಿನ ಕಾರ್ಖಾನೆಯ ಗೇಟಿನಿಂದ ವಾಚ್‌ಮನ್ ಎದ್ದು ಬಂದ. ಉತ್ತರದ ಕಡೆಯ ಹುಡುಗ, ಹರುಕು ಮುರುಕು ಕನ್ನಡ. "ಇದು ಮೊದಲಲ್ಲ ಸಾರ್. ಚೀಲ ತರೋರು ಕಾರಲ್ಲಿ ಬರ್ತಾರೆ" ಎಂದ.

ಆ ಮಾತು ನಮ್ಮನ್ನು ಇಂದಿಗೂ ಕುಟುಕುತ್ತಿದೆ. ಕಾರಿನಲ್ಲಿ ಬಂದವರಿಗೆ ಒಂದು ಬೆಕ್ಕಿಗೆ ಅನ್ನ ಹಾಕುವ ಶಕ್ತಿ ಇರಲಿಲ್ಲ ಎಂದು ಯಾರೂ ಹೇಳಲಾರರು. ಅವರೂ ಒಂದು ದಿನ ಮನೆಯಲ್ಲಿ ಕೂತು ನಮ್ಮ ಅಳಿಯ ಕೇಳಿದ ಪ್ರಶ್ನೆಯನ್ನೇ ಕೇಳಿಕೊಂಡಿರಬೇಕು: ಲಾಭವೇನು, ನಷ್ಟವೇನು? ವ್ಯತ್ಯಾಸ ಇಷ್ಟೇ. ಅವರು ಆ ಲೆಕ್ಕವನ್ನು ಬೆಕ್ಕು ಮನೆಗೆ ಬಂದ ಮೇಲೆ ಹಾಕಿದರು.

ಓದುಗರು ಕ್ಷಮಿಸಬೇಕು, ನಾವಿಲ್ಲಿ ಬೆಕ್ಕಿನ ಬಗ್ಗೆ ಮುದ್ದಾಗಿ ಬರೆಯಲು ಕೂತಿಲ್ಲ, ಜಗಳಕ್ಕೆ ಕೂತಿದ್ದೇವೆ. ಜಗಳ ಮೊದಲು ನಮ್ಮ ಜೊತೆಗೇ. ಏಕೆಂದರೆ ಗೋಣಿಚೀಲ ನಮಗೆ ಹೊಸದಲ್ಲ. ಗುಬ್ಬಿಯ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ವರ್ಷಕ್ಕೆರಡು ಸಲ ಅಟ್ಟದ ಮೇಲೆ ಮರಿಗಳು ಹುಟ್ಟುತ್ತಿದ್ದವು. ಕಣ್ಣು ಬಿಟ್ಟು ಓಡಾಡತೊಡಗಿದ ಕೂಡಲೇ ಅಮ್ಮಿ ಅವನ್ನು ಚೀಲಕ್ಕೆ ಹಾಕಿ, ಒಣಗಿದ ರೊಟ್ಟಿಯ ಚೂರೊಂದನ್ನು ಜೊತೆಗಿಟ್ಟು, ನಮ್ಮ ಸೈಕಲ್ಲಿಗೆ ಕಟ್ಟುತ್ತಿದ್ದಳು. "ಕೆರೆ ದಾಟಿಸಿ ಬಿಟ್ಟು ಬಾ, ನೀರು ದಾಟಿಸಿದರೆ ವಾಪಸು ಬರೋದಿಲ್ಲ." ಉರ್ದು ಶಾಲೆಯ ಮೂರನೆಯ ತರಗತಿಯ ಹುಡುಗ ಏರಿಯ ಆಚೆ ಚೀಲ ಬಿಚ್ಚಿ, ಹಿಂತಿರುಗಿ ನೋಡದೆ ಸೈಕಲ್ ತುಳಿದದ್ದು ನಿಜ. ಎಂಟು ಜನರ ಸಂಸಾರದಲ್ಲಿ ಒಂದು ಲೋಟ ಹಾಲನ್ನು ಟೀಗೆ ಹಂಚುತ್ತಿದ್ದ ಅಮ್ಮಿಯ ಮುಂದೆ ಬೇರೆ ದಾರಿ ಇರಲಿಲ್ಲ. ಬೆಕ್ಕಿಗೆ ಆಪರೇಷನ್ ಮಾಡಿಸಬಹುದು ಎಂದು ಅವಳಿಗೆ ಹೇಳುವವರೂ ಇರಲಿಲ್ಲ. ಅವಳನ್ನು ನಾವು ದೂರುವುದಿಲ್ಲ. ಆದರೆ ಇಂದು ಎಲ್ಲವೂ ಗೊತ್ತಿದ್ದೂ ಅದೇ ಚೀಲವನ್ನು ಹಿಡಿದುಕೊಂಡಿರುವ ನಮಗೆ ಯಾವ ನೆಪವಿದೆ?

ಕೆಲಸ ಕಳೆದುಕೊಂಡ ಬೆಕ್ಕು

ನಮ್ಮ ಹಳ್ಳಿಗಳಲ್ಲಿ ಬೆಕ್ಕನ್ನು ಯಾರೂ 'ಸಾಕುತ್ತಿರಲಿಲ್ಲ'. ಅದು ಇರುತ್ತಿತ್ತು, ಅಷ್ಟೆ. ತುಮಕೂರು ಸೀಮೆ ರಾಗಿಯ ಸೀಮೆ. ಕಣಜ, ಹಗೇವು, ಮೂಟೆಗಳು ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಬೆಕ್ಕು. ಅದಕ್ಕೆ ಒಂದು ಕೆಲಸವಿತ್ತು, ಕೆಲಸಕ್ಕೆ ಕೂಲಿಯಾಗಿ ಒಂದು ತುತ್ತು ಸಿಗುತ್ತಿತ್ತು. ವಿಜಯನಗರದ ಅರಸ ಇಲಿಕಾಟ ತಾಳಲಾರದೆ ಮನೆಮನೆಗೊಂದು ಬೆಕ್ಕು ಹಂಚಿ, ಅದರ ಹಾಲಿಗಾಗಿ ಹಸುವನ್ನೂ ಕೊಟ್ಟ ಕತೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ತೆನಾಲಿ ರಾಮ ಮೊದಲ ದಿನವೇ ಬಿಸಿಹಾಲು ಕುಡಿಸಿ ಬೆಕ್ಕಿನ ಬಾಯಿ ಸುಟ್ಟು, ಹಾಲನ್ನೆಲ್ಲ ತಾನೇ ಕುಡಿದ. ಈ ಕತೆ ಕೇಳಿ ನಾವು ತಲೆಮಾರುಗಳಿಂದ ನಗುತ್ತಾ ಬಂದಿದ್ದೇವೆ. ಬಾಯಿ ಸುಟ್ಟುಕೊಂಡ ಬೆಕ್ಕಿನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ.

ವಸಂತನರಸಾಪುರದ ಹೊಲಗಳು ಕೈಗಾರಿಕಾ ನಿವೇಶನಗಳಾದವು. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿಯವರು ಬಂದು ಇಲ್ಲಿನ ಫುಡ್ ಪಾರ್ಕನ್ನು ಉದ್ಘಾಟಿಸಿ ಹೋದರು. ಆಮೇಲೆ ಮೆಷಿನ್ ಟೂಲ್ ಪಾರ್ಕ್ ಬಂತು. ಚೆನ್ನೈ-ಬೆಂಗಳೂರು ಕಾರಿಡಾರ್‌ನ ನಕ್ಷೆಯಲ್ಲೂ ತುಮಕೂರಿನ ಹೆಸರು ಸೇರಿತು. ಅಭಿವೃದ್ಧಿಯನ್ನು ಬೇಡವೆನ್ನಲು ನಾವು ಯಾರು? ನಮ್ಮ ಅಳಿಯನ ಅನ್ನವೂ ಅಲ್ಲಿಂದಲೇ ಬರುತ್ತದೆ. ಆದರೆ ಹೊಲ, ಕಣ, ಕಣಜ ಹೋದಾಗ ಮನುಷ್ಯನಿಗೆ ಪರಿಹಾರದ ಚೆಕ್ಕಾದರೂ ಬಂತು. ಬೆಕ್ಕಿನ ಕೆಲಸ ಹೋಯಿತು, ಪರಿಹಾರ ಬರಲಿಲ್ಲ. ಉಗ್ರಾಣಗಳಿಗಾದರೂ ಬೇಕಾಗಬಹುದಲ್ಲ ಎಂದರೆ ಅದೂ ಇಲ್ಲ. ಆಹಾರ ತಯಾರಿಸುವ ಕಡೆ ಪ್ರಾಣಿಗಳನ್ನು ಒಳಗೆ ಬಿಡುವಂತಿಲ್ಲ. ಅದು ಸರಿಯಾದ ನಿಯಮವೇ.

ಹೊರಗಿನ ಹೆಗ್ಗಣಗಳನ್ನು ಬೆಕ್ಕು ಓಡಿಸುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಸ ಸಂಸ್ಕರಿಸುವ ಘಟಕವೊಂದರಲ್ಲಿ ಸಂಶೋಧಕರು ಕ್ಯಾಮೆರಾ ಇಟ್ಟು 79 ದಿನ ಕಾದರು. ಅಷ್ಟು ದಿನಗಳಲ್ಲಿ ಅಲ್ಲಿನ ಬೆಕ್ಕುಗಳು ಕೊಂದದ್ದು ಎರಡೇ ಎರಡು ದೊಡ್ಡ ಇಲಿಗಳನ್ನು. 2018ರಲ್ಲಿ ಪ್ರಕಟವಾದ ಈ ಅಧ್ಯಯನದ ಸಾರವೇನೆಂದರೆ ಬೆಕ್ಕು ಚಿಕ್ಕ ಇಲಿಗೆ ಸೈ, ಹೆಗ್ಗಣದ ತಂಟೆಗೆ ಸುಲಭವಾಗಿ ಹೋಗದು. ಆದ್ದರಿಂದ ಲಾಭದ ಪಟ್ಟಿಯಲ್ಲಿ 'ಇಲಿ ಹಿಡಿಯುತ್ತದೆ' ಎಂಬುದನ್ನು ಮೊದಲಿಗೆ ಬರೆಯುವ ಕಾಲ ಮುಗಿಯಿತು. ಈಗ ಬೆಕ್ಕು ನಮ್ಮ ಮನೆಗೆ ಬಂದರೆ ಬರಿಗೈಯಲ್ಲೇ ಬರುತ್ತದೆ. ಹಾಗೆ ಬಂದದ್ದನ್ನು ಇಟ್ಟುಕೊಳ್ಳುತ್ತೇವೋ ಇಲ್ಲವೋ ಎಂಬುದೇ ಪ್ರಶ್ನೆ.

ಪ್ರಾಮಾಣಿಕವಾದ ಒಂದು ಪಟ್ಟಿ

ಅಳಿಯನ ಪ್ರಶ್ನೆಯನ್ನು ತಳ್ಳಿಹಾಕುವುದೂ ತಪ್ಪು. ಲೆಕ್ಕ ಹಾಕಲಿ, ಆದರೆ ಪ್ರಾಮಾಣಿಕವಾಗಿ ಹಾಕಲಿ.

ಲಾಭಗಳಿವೆ. ಬೆಕ್ಕಿಗೆ ಅಂಗಳ ಬೇಡ, ಎರಡು ಕೋಣೆಯ ಮನೆ ಸಾಕು. ನಾಯಿಯಂತೆ ಬೆಳಿಗ್ಗೆ ಸಂಜೆ ಸುತ್ತಾಡಿಸಬೇಕಿಲ್ಲ. ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಯಾಗಿಟ್ಟುಕೊಳ್ಳುತ್ತದೆ. ಮರಳಿನ ತಟ್ಟೆಯೊಂದನ್ನು ತೋರಿಸಿಬಿಟ್ಟರೆ ಹೆಚ್ಚಿನವು ಅಲ್ಲಿಯೇ ಹೋಗುತ್ತವೆ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ ಒಂಟಿಯಾಗಿ ಉಳಿದ ಎಷ್ಟೋ ಖಾಲಾಗಳು, ಅಜ್ಜಿಯರು ದಿನವಿಡೀ ಮಾತನಾಡುವುದು ಬೆಕ್ಕಿನೊಂದಿಗೇ. ಮನೆಯ ಮಗುವಿಗೆ ತನಗಿಂತ ದುರ್ಬಲವಾದ ಜೀವವೊಂದರ ಹಸಿವಿನ ವೇಳೆ ನೆನಪಿಡಲು ಕಲಿಸುವ ಮೇಷ್ಟರು ಇದಕ್ಕಿಂತ ಅಗ್ಗವಾಗಿ ಸಿಗುವುದಿಲ್ಲ.

ನಷ್ಟಗಳೂ ಇವೆ, ಅವು ಸಣ್ಣವಲ್ಲ. ಮನೆಯೊಳಗೆ ಚೆನ್ನಾಗಿ ನೋಡಿಕೊಂಡ ಬೆಕ್ಕು ಹನ್ನೆರಡರಿಂದ ಹದಿನೈದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ಇಂದು ಮರಿ ತಂದ ನವದಂಪತಿಗಳ ಮಗು ಎಸ್ಸೆಸ್ಸೆಲ್ಸಿ ಬರೆಯುವಾಗಲೂ ಅದು ಸೋಫಾದ ಮೇಲೆ ಮಲಗಿರಬಹುದು. ಸೋಫಾ ಹರಿದಿರುತ್ತದೆ, ಕೂದಲು ಎಲ್ಲೆಡೆ ಇರುತ್ತದೆ. ಈದ್‌ಗೋ ಮದುವೆಗೋ ನಾಲ್ಕು ದಿನ ಊರಿಗೆ ಹೋಗಬೇಕಾದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಪ್ರತಿ ಸಲದ ತಲೆನೋವು. ಬೆಕ್ಕು ಹುಟ್ಟು ಮಾಂಸಾಹಾರಿ. ಹಾಲು ಅನ್ನ ಹಾಕಿದರೆ ಸಾಕೆಂಬುದು ನಮ್ಮ ಅಜ್ಞಾನ. ಟಾರಿನ್ ಎಂಬ ಪೋಷಕಾಂಶ ಮಾಂಸ, ಮೀನಿನಿಂದ ಸಿಗದೇ ಹೋದರೆ ಅದರ ಕಣ್ಣು ಮತ್ತು ಹೃದಯ ಕೆಡುತ್ತವೆ. ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದೂ ಇಲ್ಲ.

ಕಾಯಿಲೆಗಳ ವಿಷಯದಲ್ಲಿ ನಮ್ಮಲ್ಲಿ ಭಯ ಹೆಚ್ಚು, ತಿಳಿವಳಿಕೆ ಕಡಿಮೆ. ಅಲರ್ಜಿ ಬರುವುದು ಕೂದಲಿನಿಂದಲ್ಲ, ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನಿನಿಂದ. ಮನೆಯಲ್ಲಿ ಉಬ್ಬಸದವರಿದ್ದರೆ ಮೊದಲೇ ಬೆಕ್ಕಿರುವ ಮನೆಗೆ ಹೋಗಿ ಒಂದೆರಡು ಗಂಟೆ ಕೂತು ನೋಡಲಿ. ಟಾಕ್ಸೋಪ್ಲಾಸ್ಮಾದ ಹೆಸರು ಹೇಳಿ ಗರ್ಭಿಣಿಯರನ್ನು ಹೆದರಿಸಿ ಬೆಕ್ಕನ್ನು ಓಡಿಸುವವರಿದ್ದಾರೆ. ಆ ಸೂಕ್ಷ್ಮಜೀವಿ ಸರಿಯಾಗಿ ಬೇಯದ ಮಾಂಸ ಮತ್ತು ತೊಳೆಯದ ತರಕಾರಿಯಿಂದಲೂ ಬರುತ್ತದೆ. ಬೆಕ್ಕಿನ ಮಲದಲ್ಲಿ ಹೊರಬಿದ್ದದ್ದು ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಗರ್ಭಿಣಿ ಮರಳಿನ ತಟ್ಟೆ ಮುಟ್ಟದೆ, ಮನೆಯ ಗಂಡಸು ದಿನವೂ ಅದನ್ನು ಶುಚಿ ಮಾಡಿದರೆ ಸಮಸ್ಯೆ ಬಹುಮಟ್ಟಿಗೆ ಮುಗಿಯಿತು. ಇಲ್ಲಿ ಬೆಕ್ಕಿಗಿಂತ ಗಂಡಸಿನ ಸೋಮಾರಿತನವೇ ದೊಡ್ಡ ಕಾಯಿಲೆ.

ರೇಬೀಸ್ ಮಾತ್ರ ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಮನುಷ್ಯರಿಗೆ ಅದು ಬಹುತೇಕ ನಾಯಿಯಿಂದ ಬರುತ್ತದೆ, ಆದರೆ ಬೆಕ್ಕಿನಿಂದಲೂ ಬರಬಹುದು. ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಅರಿಶಿನ ಸುಣ್ಣ ಮೆತ್ತದೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ಮುಂದುವರಿಸಬೇಕು. 2025ರ ಆರಂಭದಲ್ಲಿ ರಾಯಚೂರಿನಲ್ಲಿ ಎಫ್‌ಪಿವಿ ಎಂಬ ವೈರಸ್ಸಿನಿಂದ ಬೆಕ್ಕುಗಳು ಸತ್ತ ಸುದ್ದಿಯನ್ನು ಓದುಗರು ಮರೆತಿರಲಾರರು. ಅದು ಮನುಷ್ಯರಿಗೆ ತಗಲುವುದಿಲ್ಲ. ಆದರೆ ಲಸಿಕೆ ಕಾಣದ ಮರಿಗಳನ್ನು ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತದೆ. ಇನ್ನೊಂದು ಮಾತು ನೆನಪಿರಲಿ. ಬೆಕ್ಕಿಗೆ ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರು ಕೊಡಬೇಡಿ. ನಮಗೆ ಮದ್ದಾದದ್ದು ಅದಕ್ಕೆ ವಿಷ.

ಹಣದ ಲೆಕ್ಕ ಕೊನೆಯದು. ಆಹಾರ, ಲಸಿಕೆ, ಆಪರೇಷನ್, ಆಗಾಗ ವೈದ್ಯರು. ನಮ್ಮ ತಾಲ್ಲೂಕುಗಳಲ್ಲಿ ಪಶು ಆಸ್ಪತ್ರೆಯೆಂದರೆ ಮುಖ್ಯವಾಗಿ ಹಸು, ಎಮ್ಮೆ, ಕುರಿಗಳದ್ದು. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದವರನ್ನು ಸಾಲಿನಲ್ಲಿ ನಿಂತವರು ನೋಡಿ ನಗುತ್ತಾರೆ. ನಗಲಿ. ಈ ಪಟ್ಟಿಯನ್ನೆಲ್ಲ ಓದಿ 'ನಮ್ಮಿಂದಾಗದು' ಎನ್ನುವವರಿಗೆ ನಮ್ಮ ಸಲಾಂ. ಬೆಕ್ಕು ಬೇಡವೆಂದು ಮೊದಲೇ ಹೇಳಿದವರು ಬೆಕ್ಕಿಗೆ ಯಾವ ದ್ರೋಹವನ್ನೂ ಮಾಡುವುದಿಲ್ಲ.

ಪ್ರೀತಿಯ ಸೋಗು

ನಮ್ಮ ತಕರಾರು ಬೇಡವೆನ್ನುವವರ ಮೇಲಲ್ಲ, ಬೇಕು ಬೇಕೆನ್ನುವವರ ಮೇಲೆ. ಅದರಲ್ಲೂ ನಮ್ಮವರ ಮೇಲೆ. ಮುಸ್ಲಿಮರ ವಾಟ್ಸಾಪ್ ಗುಂಪುಗಳಲ್ಲಿ ಇಸ್ತಾಂಬುಲ್‌ನ ಬೆಕ್ಕುಗಳ ವಿಡಿಯೋ ಹರಿದಾಡುತ್ತಲೇ ಇರುತ್ತದೆ. ಪ್ರವಾದಿಯವರ(ಸ) ನಿಲುವಂಗಿಯ ತೋಳಿನ ಮೇಲೆ ಬೆಕ್ಕು ಮಲಗಿತ್ತು, ಅದನ್ನು ಎಬ್ಬಿಸಲು ಮನಸ್ಸು ಬಾರದೆ ತೋಳನ್ನೇ ಕತ್ತರಿಸಿದರು ಎಂಬ ಕತೆಯನ್ನು ಭಾವುಕರಾಗಿ ಹಂಚುತ್ತಾರೆ. ಈ ಕತೆಗೆ ಹದೀಸ್ ಗ್ರಂಥಗಳಲ್ಲಿ ಆಧಾರವಿಲ್ಲ. 'ಬೆಕ್ಕಿನ ಮೇಲಿನ ಪ್ರೀತಿ ಈಮಾನಿನ ಭಾಗ' ಎಂಬ ಮಾತನ್ನಂತೂ ಸಗಾನಿ, ಮುಲ್ಲಾ ಅಲಿ ಕಾರಿಯಂತಹ ವಿದ್ವಾಂಸರೇ ಕಟ್ಟುಕತೆಯೆಂದು ತಳ್ಳಿಹಾಕಿದ್ದಾರೆ.

ಕಟ್ಟುಕತೆಯ ಅಗತ್ಯವಾದರೂ ಏನಿತ್ತು? ಆಧಾರವಿರುವುದೇ ಸಾಕಷ್ಟಿದೆ. ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ಅದು ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಆ ಕಾರಣಕ್ಕೇ ನರಕಕ್ಕೆ ಹೋದಳೆಂದು ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಬಂದಿದೆ. ವುಝೂಗೆ ಇಟ್ಟ ನೀರಿಗೆ ಬೆಕ್ಕು ಬಾಯಿ ಹಾಕಿದಾಗ ಸಹಾಬಿ ಅಬೂ ಕತಾದಾ ಪಾತ್ರೆಯನ್ನು ಅದರತ್ತ ಓರೆ ಮಾಡಿ ಕುಡಿಯಲು ಬಿಟ್ಟರು. ಬೆಕ್ಕು ಅಶುದ್ಧವಲ್ಲ, ಅದು ಮನೆಯಲ್ಲಿ ನಿಮ್ಮ ಸುತ್ತ ಓಡಾಡುವ ಜೀವಗಳಲ್ಲಿ ಒಂದೆಂದು ಪ್ರವಾದಿಯವರು(ಸ) ಹೇಳಿದ್ದನ್ನು ಅಲ್ಲಿ ನೆನಪಿಸಿದರು. ಮೊದಲನೆಯದು ಎಚ್ಚರಿಕೆ, ಎರಡನೆಯದು ಸಲಿಗೆ. ನಾವು ಸಲಿಗೆಯನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಮರೆತಿದ್ದೇವೆ. ಬಾಯಿ ಕಟ್ಟಿದ ಗೋಣಿಚೀಲಕ್ಕೂ ಆ ಹೆಂಗಸಿನ ಕೋಣೆಗೂ ಏನು ವ್ಯತ್ಯಾಸ? 'ನೂರಾರು ಇಲಿ ತಿಂದ ಬೆಕ್ಕು ಹಜ್ಜಿಗೆ ಹೊರಟಿತು' ಎಂದು ಉರ್ದುವಿನಲ್ಲಿ ಒಂದು ಗಾದೆಯಿದೆ. ಇಂದು ಆ ಗಾದೆಯನ್ನು ಬೆಕ್ಕಿಗಿಂತ ನಮಗೇ ಹೇಳಿಕೊಳ್ಳಬೇಕು.

ಹಿಂದೂ ಸ್ನೇಹಿತರೂ ನಗಬೇಕಾಗಿಲ್ಲ. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ನಂಬಿಕೆ ಅವರಲ್ಲಿದೆ. ಆದ್ದರಿಂದ ಅವರೂ ಕೊಲ್ಲುವುದಿಲ್ಲ, 'ಬಿಟ್ಟು ಬರುತ್ತಾರೆ'. ಅಡ್ಡ ಬಂದರೆ ಅಪಶಕುನವೆಂದು ನಿಲ್ಲುವುದರಲ್ಲಿ ನಾವೂ ಅವರೂ ಸಮಾನರು. ಬೇರೆಲ್ಲೂ ಕಾಣದ ಕೋಮು ಸೌಹಾರ್ದ ಈ ಗೋಣಿಚೀಲದಲ್ಲಿ ಕಾಣುತ್ತದೆ. ಕೈಗೆ ರಕ್ತ ಅಂಟಬಾರದು, ಕೆಲಸ ಮಾತ್ರ ಮುಗಿಯಬೇಕು. ಉಳಿದದ್ದನ್ನು ನಾಯಿಯೋ ಲಾರಿಯೋ ಹಸಿವೋ ಮಾಡಿಕೊಳ್ಳಲಿ ಎಂಬ ಧರ್ಮ ಇದು.

ಕೊಳ್ಳುವವರಿಗೆ ಒಂದು ಮಾತು

ಇನ್ನು ಆ ಬಿಳಿ ಪರ್ಷಿಯನ್ ಮರಿ. ಬೆಕ್ಕನ್ನು ಮಾರಿ ಹಣ ಪಡೆಯುವುದನ್ನು ಪ್ರವಾದಿಯವರು(ಸ) ತಡೆದರೆಂಬ ಹದೀಸ್ ಮುಸ್ಲಿಮ್ ಗ್ರಂಥದಲ್ಲಿದೆ. ಬಹುಪಾಲು ಫಿಕ್ಹ್ ಪಂಡಿತರು ಅದಕ್ಕೆ ಬೇರೆ ಅರ್ಥ ಹೇಳಿ ಸಾಕುಬೆಕ್ಕಿನ ಮಾರಾಟಕ್ಕೆ ಅನುಮತಿ ಕೊಟ್ಟಿದ್ದಾರೆ. ಕೆಲವರು ಕೊಟ್ಟಿಲ್ಲ. ಆ ಚರ್ಚೆಯನ್ನು ಉಲಮಾಗಳಿಗೆ ಬಿಡುತ್ತೇವೆ. ನಮ್ಮ ಪ್ರಶ್ನೆ ಸರಳವಾದದ್ದು. ಬಾಗಿಲಲ್ಲಿ ಉಚಿತವಾಗಿ ಕೂತು ಕೂಗುತ್ತಿರುವ ನಾಡಬೆಕ್ಕಿಗೆ ಕಾಲಿನಿಂದ 'ಶೂ' ಎಂದು, ಸಾವಿರಾರು ರೂಪಾಯಿ ಕೊಟ್ಟು ದೂರದಿಂದ ಬೆಕ್ಕು ತರಿಸುವುದನ್ನು ಪ್ರಾಣಿದಯೆ ಎನ್ನುವುದು ಹೇಗೆ?

ಪರ್ಷಿಯನ್ ಬೆಕ್ಕಿನ ಚಪ್ಪಟೆ ಮುಖ ನಮಗೆ ಮುದ್ದು. ಅದಕ್ಕೆ ಅದು ಸದಾ ನೀರು ಸುರಿಯುವ ಕಣ್ಣು, ಇಕ್ಕಟ್ಟಾದ ಉಸಿರು. ಆ ತಳಿಯಲ್ಲಿ ಮೂತ್ರಪಿಂಡದ ಆನುವಂಶಿಕ ಕಾಯಿಲೆಯೂ ಹೆಚ್ಚು. ದಿನವೂ ಬಾಚದಿದ್ದರೆ ಉದ್ದ ಕೂದಲು ಗಂಟುಕಟ್ಟಿ ಚರ್ಮ ಹುಣ್ಣಾಗುತ್ತದೆ. ಸಿರಾ ರಸ್ತೆಯ ಏಪ್ರಿಲ್ ಬಿಸಿಲಿನಲ್ಲಿ, ಶೀಟಿನ ಮಾಡಿನ ಕೆಳಗೆ, ಆ ಕೂದಲ ಕಂಬಳಿ ಹೊದ್ದ ಜೀವದ ಗತಿಯೇನು? 2018ರಿಂದ ಸಾಕುಪ್ರಾಣಿ ಅಂಗಡಿಗಳಿಗೆ ಕೇಂದ್ರದ ನಿಯಮಗಳಿವೆ, ನೋಂದಣಿ ಕಡ್ಡಾಯ. ಆದರೆ ಮೊಬೈಲಿನಲ್ಲಿ ಚಿತ್ರ ತೋರಿಸಿ ಬಸ್ ನಿಲ್ದಾಣದಲ್ಲಿ ಬುಟ್ಟಿ ಕೈಬದಲಾಯಿಸುವ ವ್ಯಾಪಾರದಲ್ಲಿ ಯಾವ ನೋಂದಣಿ? ಆ ಮರಿಯ ತಾಯಿಯನ್ನು ಯಾರೂ ನೋಡಿರುವುದಿಲ್ಲ. ವರ್ಷಕ್ಕೆಷ್ಟು ಸಲ ಹೆರುತ್ತದೆ, ಯಾವ ಪಂಜರದಲ್ಲಿದೆ, ಕೇಳುವವರೂ ಇಲ್ಲ. ಕೊಳ್ಳುವವರು ಇರುವವರೆಗೆ ಆ ಪಂಜರ ಖಾಲಿಯಾಗುವುದಿಲ್ಲ.

ಖಸ್ಸಿ ಎಂದರೆ ಬೆಚ್ಚುವವರು

ಗೋಣಿಚೀಲಕ್ಕೆ ಇರುವ ಮದ್ದು ಒಂದೇ, ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಲ್ಲದು. ಬಸಿರು ಸುಮಾರು ಎರಡು ತಿಂಗಳು. ಒಂದು ಸಲಕ್ಕೆ ಮೂರರಿಂದ ಐದು ಮರಿ. ವರ್ಷಕ್ಕೆ ಎರಡು ಮೂರು ಸಲ. ಮೊದಲ ಮರಿಗಳು ಹಾಲು ಬಿಡುವ ಮುನ್ನವೇ ಮುಂದಿನ ಬಸಿರು ನಿಲ್ಲಬಹುದು. ಇಷ್ಟು ಮರಿಗಳಿಗೆ ಮನೆ ಹುಡುಕುತ್ತೇನೆಂದು ಹೇಳುವವರು ಒಂದೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಗುಣಾಕಾರ ಮರೆತಿದ್ದಾರೆ.

ಈ ಮಾತೆತ್ತಿದರೆ 'ಅಲ್ಲಾಹನ ಸೃಷ್ಟಿಯಲ್ಲಿ ಕೈಯಾಡಿಸಬಾರದು' ಎಂದು ಗಂಭೀರವಾಗಿ ಹೇಳುವವರು ಸಿಗುತ್ತಾರೆ. ಇದೇ ಮಹನೀಯರು ಮದುವೆಯ ಬಿರಿಯಾನಿಗೆ ಖಸ್ಸಿ ಹೋತದ ಮಾಂಸವೇ ಬೇಕೆಂದು ಹಟ ಹಿಡಿಯುತ್ತಾರೆ. ಬೀಜ ಒಡೆದ ಟಗರನ್ನು ಕುರ್ಬಾನಿ ಕೊಡುತ್ತಾರೆ. ಆಗ ಸೃಷ್ಟಿಯ ನೆನಪಾಗುವುದಿಲ್ಲ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಒಪ್ಪುತ್ತೇವೆ. ಆದರೆ ಹದಿನೇಳನೆಯ ಶತಮಾನದಲ್ಲಿ ನಮ್ಮದೇ ದೇಶದಲ್ಲಿ ಸಿದ್ಧವಾದ ಫತಾವಾ ಆಲಂಗೀರಿಯಲ್ಲಿ, ಪ್ರಯೋಜನವಿದ್ದರೆ ಅಥವಾ ತೊಂದರೆ ತಪ್ಪುವುದಾದರೆ ಬೆಕ್ಕನ್ನು ಖಸ್ಸಿ ಮಾಡಬಹುದೆಂಬ ಅಭಿಪ್ರಾಯ ಸ್ಪಷ್ಟವಾಗಿದೆ. ಮೂರು ಮರಿಗಳು ಚೀಲದಲ್ಲಿ ಉಸಿರುಗಟ್ಟಿ ಸಾಯುವುದಕ್ಕಿಂತ ದೊಡ್ಡ ತೊಂದರೆ ಯಾವುದು?

ಇಂತಹ ವಿಷಯಗಳನ್ನು ನಮ್ಮ ಹಿರಿಯರು ಸಮುದಾಯದ ಹೊಣೆಯಾಗಿ ನೋಡಿದ್ದರು. ಹದಿಮೂರನೆಯ ಶತಮಾನದ ಮಮ್ಲೂಕ್ ಸುಲ್ತಾನ ಬೈಬರ್ಸ್ ಕೈರೋದ ಬೆಕ್ಕುಗಳಿಗಾಗಿ ಒಂದು ತೋಟವನ್ನು ಬಿಟ್ಟುಕೊಟ್ಟಿದ್ದನೆಂದೂ, ತನ್ನ ಕಾಲದಲ್ಲೂ ನಗರದ ಖಾಝಿಯ ಅಂಗಳದಲ್ಲಿ ಸಂಜೆ ಬೆಕ್ಕುಗಳಿಗೆ ಊಟ ಹಾಕುತ್ತಿದ್ದರೆಂದೂ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿದ್ದ ಎಡ್ವರ್ಡ್ ಲೇನ್ ಬರೆದಿದ್ದಾನೆ. ಬೆಕ್ಕಿಗೂ ವಕ್ಫ್ ಬಿಟ್ಟವರ ವಾರಸುದಾರರು ನಾವು! ಒಂದು ಮಸೀದಿಯ ಜಮಾಅತ್, ಒಂದು ಯುವಕ ಸಂಘ ವರ್ಷಕ್ಕೊಮ್ಮೆ ಪಶುವೈದ್ಯರನ್ನು ಕರೆಸಿ ಮೊಹಲ್ಲಾದ ಬೆಕ್ಕುಗಳಿಗೆ ಲಸಿಕೆ, ಶಸ್ತ್ರಚಿಕಿತ್ಸೆಯ ಶಿಬಿರ ಮಾಡಿಸಿದರೆ ಖರ್ಚು ಒಂದು ಜಲ್ಸಾದ ಶಾಮಿಯಾನಾಕ್ಕಿಂತ ಹೆಚ್ಚಾಗಲಾರದು.

ಐವತ್ತು ರೂಪಾಯಿಯ ಪಾಪ

ಕಾನೂನು ಏನು ಹೇಳುತ್ತದೆ? ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಹೌದು, ಓದುಗರು ಸರಿಯಾಗಿಯೇ ಓದಿದ್ದೀರಿ. ಆರು ದಶಕಗಳಲ್ಲಿ ರೂಪಾಯಿ ಎಲ್ಲಿಂದ ಎಲ್ಲಿಗೋ ಇಳಿಯಿತು, ದಂಡ ಮಾತ್ರ ಕದಲಲಿಲ್ಲ. ಬೈಪಾಸಿನ ಹೋಟೆಲಿನಲ್ಲಿ ಒಂದು ಮಸಾಲೆದೋಸೆಗೂ ಅದು ಸಾಲದು. ಈ ಕಾಯ್ದೆಯನ್ನು ತಿದ್ದಬೇಕೆಂದು ಒತ್ತಾಯಿಸೋಣ. ಆದರೆ ಕಾಯ್ದೆಯನ್ನು ಕಾಯುತ್ತಾ ಕೂರುವುದು ಬೇಡ. ರಾತ್ರಿಯ ರಸ್ತೆಯಲ್ಲಿ ಚೀಲ ಇಳಿಸುವ ಕಾರಿನ ನಂಬರನ್ನು ಯಾರೂ ಬರೆದುಕೊಳ್ಳುವುದಿಲ್ಲ.

'ಮನುಷ್ಯರೇ ಬೀದಿಪಾಲಾಗಿರುವಾಗ ಬೆಕ್ಕಿನ ಚಿಂತೆಯೇ?' ಎಂದು ಕೇಳುವವರಿಗೆ ಉತ್ತರ ಕೊಡಬೇಕು. ಬಾಡಿಗೆ ಮನೆ ಕೇಳಿಕೊಂಡು ಹೋಗಿ, ಹೆಸರು ಹೇಳಿದ ಕೂಡಲೇ 'ಈಗಷ್ಟೇ ಬೇರೆಯವರಿಗೆ ಕೊಟ್ಟೆವು' ಎಂಬ ಮಾತು ಕೇಳಿ ಹಿಂದಿರುಗಿದ ಅನುಭವ ನಮ್ಮಲ್ಲಿ ಎಷ್ಟು ಮಂದಿಗಿಲ್ಲ? ನಮಗಿದೆ, ನಮ್ಮ ಅಳಿಯನಿಗೂ ಇದೆ. ಗಂಟುಮೂಟೆ ಹಿಡಿದು ಇನ್ನೊಬ್ಬರ ಹೊಸ್ತಿಲಾಚೆ ನಿಲ್ಲುವುದು ಎಂತಹದು ಎಂದು ಬಲ್ಲವರು ನಾವು. ಬೆಕ್ಕಿಗೂ ಮನುಷ್ಯನಿಗೂ ಸಮ ಎಂದು ನಾವು ಹೇಳುತ್ತಿಲ್ಲ. ಬಾಗಿಲು ಮುಚ್ಚಿಸಿಕೊಂಡ ನೋವು ಗೊತ್ತಿರುವ ಕೈ ಇನ್ನೊಂದು ಜೀವದ ಮೇಲೆ ಹುರಿ ಬಿಗಿಯುವಾಗ ಸ್ವಲ್ಪ ನಡುಗಬೇಕು ಎಂದಷ್ಟೇ ಹೇಳುತ್ತಿದ್ದೇವೆ. ಅದೂ ನಡುಗದಿದ್ದರೆ ನಮ್ಮ ಮೇಲೆ ನಡೆದ ಅನ್ಯಾಯದಿಂದ ನಾವು ಏನನ್ನೂ ಕಲಿಯಲಿಲ್ಲವೆಂದೇ ಅರ್ಥ. ಕಾರ್ಖಾನೆಯ ಗೇಟಿನಲ್ಲಿ ತನ್ನ ಡಬ್ಬಿಯ ಅನ್ನ ತಿನ್ನುವ ಆ ವಾಚ್‌ಮನ್ ಹುಡುಗ, ಚೀಲದಿಂದ ಹೇಗೋ ಬದುಕಿ ಬಂದ ಎರಡು ಬೆಕ್ಕುಗಳಿಗೆ ದಿನವೂ ಒಂದು ಹಿಡಿ ಪಾಲು ಕೊಡುತ್ತಾನೆ. ಊರು ಬಿಟ್ಟು ಬಂದ ಅವನು ಲಾಭ ನಷ್ಟ ಕೇಳಲಿಲ್ಲ.

ಆದ್ದರಿಂದ ಅ��ಿಯನಿಗೆ ನಾವು ಕೊಟ್ಟ ಉತ್ತರ ಹೀಗಿತ್ತು. ಮೊದಲು ಗಂಡ ಹೆಂಡತಿ ಕೂತು ಹದಿನೈದು ವರ್ಷದ ಲೆಕ್ಕ ಹಾಕಿ. ನಾಳೆ ಮಗು ಬಂದರೆ, ವರ್ಗವಾದರೆ, ಮನೆ ಮಾಲೀಕ ಬೇಡವೆಂದರೆ ಬೆಕ್ಕು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉತ್ತರ ಬರೆದಿಡಿ. ಉತ್ತರವಿಲ್ಲದಿದ್ದರೆ ಬೇಡ, ಗೇಟಿನ ಬೆಕ್ಕುಗಳಿಗೆ ದಿನವೂ ಮೀನಿನ ತಲೆ ಹಾಕಿ ಬನ್ನಿ, ಅದೂ ಸದಕಾವೇ. ಉತ್ತರವಿದ್ದರೆ ಕೊಳ್ಳಬೇಡಿ, ಬೀದಿಯಿಂದ ತನ್ನಿ. ತಂದ ವಾರವೇ ವೈದ್ಯರಿಗೆ ತೋರಿಸಿ. ಲಸಿಕೆ ಹಾಕಿಸಿ, ವಯಸ್ಸಿಗೆ ಬಂದ ಕೂಡಲೇ ಆಪರೇಷನ್ ಮಾಡಿಸಿ. ರಾತ್ರಿ ಹೊರಗೆ ಬಿಡಬೇಡಿ. ಹಾಗೆ ಮಾಡಿದರೆ ಗುಬ್ಬಚ್ಚಿಗಳಿಗೂ ಕ್ಷೇಮ, ಅದಕ್ಕೂ ಕ್ಷೇಮ. ಒಮ್ಮೆ ಒಳಗೆ ಬಂದದ್ದನ್ನು ಮತ್ತೆ ಹೊರಗೆ ಹಾಕುವ ಮಾತು ಆ ಮನೆಯಲ್ಲಿ ಏಳಬಾರದು.

ಚೀಲದಲ್ಲಿ ಬದುಕುಳಿದ ಆ ನಾಲ್ಕನೆಯ ಮರಿ ಈಗ ನಮ್ಮ ಮನೆಯಲ್ಲಿದೆ. ಬೂದುಬಣ್ಣದ ಸಾಧಾರಣ ನಾಡಬೆಕ್ಕು, ಫೋಟೋಗೆ ಹೇಳಿಸಿದ್ದಲ್ಲ. ಕಳೆದ ತಿಂಗಳು ಆಪರೇಷನ್ ಆಯಿತು. ಪರದೆ ಹರಿದಿದೆ, ಒಂದು ಕತೆಯ ಹಸ್ತಪ್ರತಿಯ ಮೇಲೆ ನೀರು ಚೆಲ್ಲಿದೆ. ಇಂದಿಗೂ ಅಕ್ಕಿ ತಂದ ಖಾಲಿ ಚೀಲ ಮಡಚುವ ಸದ್ದು ಕೇಳಿದರೆ ಬೀರುವಿನ ಕೆಳಗೆ ನುಗ್ಗಿ ಗಂಟೆಗಟ್ಟಲೆ ಹೊರಬರುವುದಿಲ್ಲ. ನಮ್ಮ ಅಳಿಯ ಮೊನ್ನೆ ಬಂದಾಗ ಅದನ್ನು ನೋಡಿ ಸುಮ್ಮನೆ ಕೂತಿದ್ದ. "ಇನ್ನೂ ಯೋಚನೆ ಮಾಡ್ತಾ ಇದ್ದೀವಿ ಮಾಮೂ" ಎಂದ.

ಯೋಚಿಸಲಿ. ಚೀಲ ಕಟ್ಟಿದವರು ಮಾಡದ ಕೆಲಸ ಅದೊಂದೇ.